ಚಿಗವ್ವನ ಜಾಲರಿ ಕುಸ್ತಿ

ಚಿಗವ್ವನ ಎಡಹುಬ್ಬು ನಟ್ಟನಡುವೆ ಸೀಳಿ ಎರಡಾಗಿತ್ತು. ಸೀಳಿದಲ್ಲಿ ಕೂದಲು ಬೆಳೆಯದೆ ಬಿಳಿಯ ಗೆರೆಯೊಂದು ಹಣೆಯವರೆಗೆ ಹತ್ತಿತ್ತು. ಸಣ್ಣವಳಿದ್ದಾಗ ನಾನು ಕೇಳಿದರೆ, "ನಳದ ಕಟ್ಟಿ ಮ್ಯಾಲೆ ಜಾರಿ ಬಿದ್ದಿದ್ದೆ" ಅನ್ನುತ್ತಿದ್ದಳು. ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಿಟ್ನಾಳದ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು, ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಹುಡುಗರ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು.

ಆಕೆಗೆ ಎಂ.ಎಂ.ಎ. ಹುಚ್ಚು ಹತ್ತಿದ್ದು ಆ ಹಾಸ್ಟೆಲ್ಲಿನ ಟಿ.ವಿ.ಯಿಂದ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಬಡಿಸುವ ಹೊತ್ತಿಗೆ ಸರಿಯಾಗಿ ಅಮೆರಿಕದ ಕಾಳಗ ಬರುತ್ತಿತ್ತು. ಜಾಲರಿ ಕಟ್ಟಿದ ಅಂಕಣದೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಗುದ್ದು, ಒದೆ, ಕುಸ್ತಿ ಎಲ್ಲಕ್ಕೂ ಪರವಾನಗಿ ಉಂಟು. ಮೊದಮೊದಲು ಸೌಟು ಹಿಡಿದು ಬಾಗಿಲಲ್ಲಿ ನಿಂತು ನೋಡಿದವಳು, ಆಮೇಲೆ ಅದಕ್ಕೆಂದೇ ಒಂದು ಫೋನು ತಗೊಂಡಳು. "ಜಾಲರಿ ಕುಸ್ತಿ" ಅನ್ನುವುದು ಆಕೆಯೇ ಇಟ್ಟ ಹೆಸರು.

ಅಭಿಮಾನ ಅಂದರೆ ಅದು. ದೂರದ ಯಾವುದೋ ದೇಶದ ಎಡಗೈ ಹುಡುಗಿಯೊಬ್ಬಳ ಮೇಲೆ ಆಕೆಗೆ ಜೀವ. ಹೆಸರು ನಾಲಿಗೆಗೆ ಹೊರಳದ್ದರಿಂದ ಎಡಚಿ ಅನ್ನುತ್ತಿದ್ದಳು. ಎಡಚಿಯ ಕುಸ್ತಿ ಇದ್ದರೆ ಹಿಂದಿನ ದಿನ ಶನಿವಾರ ಒಪ್ಪತ್ತು. ಗೆದ್ದರೆ ಹನುಮಪ್ಪನಿಗೆ ಕಾಯಿ. ಒಂದು ಸಲ ನಾನೂ ಜೊತೆಗಿದ್ದೆ. ಯಾರ ಹೆಸರಿನಲ್ಲಿ ಒಡೆಯಲಿ ಎಂದು ಪೂಜಾರಿ ಕೇಳಿದ. "ಎಡಚಿ ಅಂತ ಅನ್ರಿ, ಹನುಮಪ್ಪಗ ಗೊತ್ತೈತಿ" ಅಂದಳು. ಕುತ್ತಿಗೆ ಪಟ್ಟು ಹೇಗೆ ಹಾಕುತ್ತಾರೆಂದು ಉಳ್ಳಾಗಡ್ಡಿ ವಾಸನೆಯ ತೋಳನ್ನು ನನ್ನ ಕೊರಳಿಗೇ ಸುತ್ತಿ ತೋರಿಸುತ್ತಿದ್ದಳು. "ಗಂಟಲಾ ಒತ್ತೋದಲ್ಲಬೇ, ಬಾಜೂ ನರ ಒತ್ತಬೇಕು. ಹತ್ತ ಎಣಿಸೂದ್ರಾಗ ಕಣ್ಣಿಗೆ ಕತ್ತಲಿ ಬರ್ತೈತಿ." ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆದರೆ ಆಕೆಯ ಕಣ್ಣು ಹೆಚ್ಚಾಗಿ ಇರುತ್ತಿದ್ದುದು ಜಾಲರಿಯೊಳಗಿನ ಮೂರನೆಯವನ ಮೇಲೆ. ಕರಿ ಅಂಗಿ ತೊಟ್ಟ ರೆಫರಿ. ಅವನಿಗೆ ಆಕೆ ಇಟ್ಟ ಹೆಸರು "ಬಿಡಸಾವ", ಬಿಡಿಸುವವನು. ಒಬ್ಬ ಕೆಳಗೆ ಬಿದ್ದು ಕೈ ಎತ್ತಲಾಗದೆ ಏಟು ತಿನ್ನುವಾಗ ಆ ಬಿಡಸಾವ ಓಡಿ ಬಂದು ನಡುವೆ ಮೈ ಚೆಲ್ಲುತ್ತಾನಲ್ಲ, ಆಗ ಚಿಗವ್ವ ಉಸಿರು ಬಿಡುತ್ತಿದ್ದಳು. ಅವನು ತಡ ಮಾಡಿದನೋ, ವಾರವಿಡೀ ಒಲೆಯ ಮುಂದೆ ಅವನಿಗೆ ಬೈಗುಳ. "ಬಿದ್ದಾಕಿ ಕಣ್ಣು ತೇಲಸ್ಯಾಳ, ಇಂವಾ ಇನ್ನೂ ಏನ ನೋಡ್ಕೋಂತ ನಿಂತಾನ?"

ಅವ್ವನಿಗೆ ಇದೆಲ್ಲ ಬೇಸರ. ಒಂದು ದಿನ ನನ್ನೆದುರೇ ಕೇಳಿದಳು: "ಬಡದಾಟ ನೋಡೂದು ಅದೇನ ಚಟಾನೋ. ನಿನ್ನ ಬಾಳೇದಾಗ ಕಂಡಿದ್ದು ಸಾಲಲಿಲ್ಲೇನು?"

ಚಿಗವ್ವ ಫೋನಿನಿಂದ ಮುಖ ಎತ್ತಲಿಲ್ಲ. "ಕಂಡೀನಿ, ಅದಕ್ಕ ನೋಡ್ತೀನಿ. ಇಲ್ಲಿ ಬಿಡಸಾಕಂತನ ಒಬ್ಬಾವಗ ಪಗಾರ ಕೊಟ್ಟು ನಿಂದರಿಸ್ಯಾರ. ನಮ್ಮ ಮನ್ಯಾಗ ಅಂಥಾವ ಯಾರಿದ್ದ? ಓಣಿ ತುಂಬ ಮಂದಿ ಇದ್ರು, ಎಲ್ಲಾರೂ ನೋಡಾವ್ರ."

ಆ ಹುಬ್ಬು ಸೀಳಿದ್ದು ನಳದ ಕಟ್ಟೆಯಲ್ಲ, ಆಕೆಯ ಗಂಡ, ನಮ್ಮ ಕಾಕಾ ಎಂಬುದು ಆವತ್ತು ನನಗೆ ತಿಳಿಯಿತು.

ಆಮೇಲೆ ನನ್ನ ಮದುವೆಯಾಯಿತು. ಯಲಬುರ್ಗಿಯ ಹುಡುಗ, ಸರ್ಕಾರಿ ನೌಕರಿ, ಮೈತುಂಬ ವಿನಯ. ಹೊಡೆತ ಶುರುವಾದದ್ದು ಮೊದಲ ದೀಪಾವಳಿಗೂ ಮೊದಲೇ. ನಮ್ಮಲ್ಲಿ ಇದಕ್ಕೊಂದು ರೂಢಿ ಇದೆ. ಏಟು ತಿಂದು ತವರಿಗೆ ಬಂದವಳನ್ನು ಹಿರಿಯರು ಕೂಡಿ ಬುದ್ಧಿ ಹೇಳಿ, ಅಳಿಯನಿಗೂ ನಾಲ್ಕು ಮಾತು ಹೇಳಿ, ಉಡಿ ತುಂಬಿ ಕಳಿಸುತ್ತಾರೆ. ಸೆರಗಿಗೆ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು ಬಿದ್ದವೆಂದರೆ ಮಾತು ಮುಗಿಯಿತು. ತುಂಬಿದ ಉಡಿಯನ್ನು ಗಂಡನ ಮನೆಗೇ ಒಯ್ಯಬೇಕು. ಹಾಗೆ ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಗಂಗಾವತಿಯ ತವರುಮನೆಗೆ ಬಂದಾಗ ನನ್ನ ಬಲಗಿವಿಯಿಂದ ರಕ್ತ ಸೋರುತ್ತಿತ್ತು.

ಹಿರಿಯರು ಮತ್ತೆ ಕೂಡಿದರು. ನಾನು ಎದುರು ಮಾತಾಡಿದ್ದೆನೇ, ಊಟಕ್ಕೆ ತಡ ಮಾಡಿದ್ದೆನೇ, ಅವನು ಕುಡಿದಿದ್ದನೇ, ತಪ್ಪು ಯಾರದು ಎಂದು ಮಧ್ಯಾಹ್ನದವರೆಗೆ ವಿಚಾರ ನಡೆಯಿತು. ಕೊನೆಗೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅವ್ವ ಅಳುತ್ತಲೇ ಮೊರದಲ್ಲಿದ್ದ ಅಕ್ಕಿಯನ್ನು ಬೊಗಸೆಯಿಂದ ನನ್ನ ಸೆರಗಿಗೆ ಹಾಕಿದಳು. ಗಂಡ ಸತ್ತವರು ಉಡಿ ತುಂಬುವ ಕಡೆ ಸುಳಿಯುವಂತಿಲ್ಲ, ಹಾಗಾಗಿ ಚಿಗವ್ವ ಅಡುಗೆಮನೆಯಲ್ಲಿದ್ದಳು. ಅಲ್ಲಿಂದ ನೇರ ಬಂದವಳೇ ನನ್ನ ಸೆರಗಿನ ತುದಿ ಹಿಡಿದು, ಅಷ್ಟೂ ಅಕ್ಕಿಯನ್ನು ಮೊರಕ್ಕೆ ವಾಪಸು ಸುರುವಿದಳು. ಅಂಥದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ.

"ತುಂಬಿದ ಉಡಿ ಬರಿದು ಮಾಡಿದ್ಯಲ್ಲಬೇ" ಅಂದರು ದೊಡ್ಡಪ್ಪ.

"ತಪ್ಪು ಯಾರದು ಅಂತ ಸಂಜಿತನಾ ಕುಂತು ಹೇಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮೊದಲು ಬಿಡಸ್ರಿ. ಬಿದ್ದಾಕಿನ್ನ ಬಿಡಿಸಿದ ಮ್ಯಾಲೆ ಉಳಕಿದ್ದು."

ನನ್ನ ಕೈ ಹಿಡಿದು ಹಿಟ್ನಾಳದ ಬಸ್ಸು ಹತ್ತಿಸಿದಳು. ಬಳಗದವರು ಆಕೆಯನ್ನು ಅಂದೇ ಬಿಟ್ಟರು. ಮದುವೆ ಮುಂಜಿಗೆ ಕರೆ ನಿಂತಿತು. ಅವ್ವ ಕೂಡ ಬಹಳ ದಿನ ಮಾತಾಡಲಿಲ್ಲ.

ನನ್ನ ಗಂಡ ಒಂದು ಮಧ್ಯಾಹ್ನ ಬಂದ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಚಿಗವ್ವ ಅವನನ್ನು ದೂರದಿಂದಲೇ ಕಂಡು, ನನ್ನನ್ನು ಒಳಗೆ ದಬ್ಬಿ, ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು ಕಿಟಕಿಯಿಂದ ಅರ್ಧ ಕಾಣುತ್ತಿತ್ತು.

"ಸರಿ ಈಕಡೆ" ಅಂದ.

"ಹಂಗ ಹೋಗ್ರಿ ಅಳಿಯಂದಿರ. ಆಕಿ ಬರಂಗಿಲ್ಲ."

ನಾನು ಒಳಗಿನಿಂದ ಬಾಗಿಲು ಬಡಿದೆ, ಕೂಗಿದೆ. ಅವನು ಆಕೆಯ ಕೂದಲು ಹಿಡಿದು ಎಳೆದ. ಬಿಡದಿದ್ದಾಗ ಕಟ್ಟೆಯಿಂದ ಕೆಳಗೆ ನೂಕಿದ. ಚಪ್ಪಡಿಗೆ ಬಿದ್ದ ಸದ್ದು ನನಗೆ ಕೇಳಿಸಿತು. ಬಿದ್ದವಳನ್ನು ಒದೆಯುತ್ತ ಕೀಲಿ ಕೇಳಿದ. ಎದುರಿನ ಕಟ್ಟೆಗಳ ಮೇಲೆ ಮಂದಿ ನಿಂತಿದ್ದರು. ಒಬ್ಬ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಒಬ್ಬರೂ ಇಳಿದು ಬರಲಿಲ್ಲ. ಕೊನೆಗೆ ಅವನೇ ದಣಿದು ಹೋದ. ಕೀಲಿ ಆಕೆಯ ಮುಷ್ಟಿಯಲ್ಲೇ ಇತ್ತು.

ಟೊಂಕದ ಎಲುಬು ಮುರಿದಿತ್ತು. ಆಪರೇಷನ್ ಆದರೂ ಆಕೆ ಮತ್ತೆ ನಡೆಯಲಿಲ್ಲ. ಹಾಸ್ಟೆಲ್ಲಿನ ಕೆಲಸ ಹೋಯಿತು. ಅಲ್ಲಿಯವರು ಕನಿಕರಪಟ್ಟು ಅದನ್ನು ನನಗೆ ಕೊಟ್ಟರು. ಭಾನುವಾರ ನಸುಕಿಗೇ ಹೋಗಿ ಉಪ್ಪಿಟ್ಟು ಮಾಡಿಟ್ಟು ಓಡಿ ಬಂದು, ಆಕೆಯ ಎದೆಯ ಮೇಲೆ ಫೋನು ಆನಿಸಿ ಹಿಡಿಯುತ್ತಿದ್ದೆ. ಎಡಚಿ ಒಮ್ಮೆ ಸೋತಳು. ಕಾಲು ತಿರುಚಿಸಿಕೊಂಡು, ನೆಲ ತಟ್ಟಿ ಸೋಲೊಪ್ಪಿಕೊಂಡಳು. ನನಗೆ ಅಳು ಬಂತು. ಚಿಗವ್ವ ಮಾತ್ರ, "ಸೋತ್ರ ಸೋಲಲಿ, ಕಾಲು ಉಳೀತಲ್ಲ" ಅಂದಳು. ಬೆನ್ನಿಗೆ ಹುಣ್ಣಾಗಿ, ಜ್ವರ ಬಿಡದೆ, ಹೋದ ಶ್ರಾವಣದಲ್ಲಿ ತೀರಿಕೊಂಡಳು. ಮಣ್ಣಿಗೆ ಬಳಗದವರು ಬೆರಳೆಣಿಕೆಯಷ್ಟು ಮಂದಿ ಬಂದಿದ್ದರು, ನಿಂತು ನೋಡಿ ಹೋದರು.

ಕೊಪ್ಪಳದ ಕೋರ್ಟಿನಲ್ಲಿ ಗಂಡನ ಮೇಲೆ ಕೇಸು ನಡೆದಿದೆ, ಅವನು ಜಾಮೀನಿನ ಮೇಲಿದ್ದಾನೆ. ನಾನು ಜೀವಂತ ಇದ್ದೇನೆ. ಇದು ಆಕೆ ಕೊಟ್ಟ ಜೀವ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಕಳೆದ ವಾರ ದೊಡ್ಡಪ್ಪ ಗಂಗಾವತಿಯಿಂದ ಮನುಷ್ಯರನ್ನು ಕಳಿಸಿದ್ದರು. ಅಳಿಯ ಸುಧಾರಿಸಿದ್ದಾನಂತೆ, ತಪ್ಪಾಯಿತು ಅಂದಿದ್ದಾನಂತೆ. "ಅಡ್ಡ ನಿಂತಾಕಿ ಅಂತೂ ಹೋದ್ಲು. ಇನ್ನ ಕೇಸು ತಗದು, ಉಡಿ ತುಂಬಿ ಕಳಸೋಣು. ಈಗ ಅಡ್ಡ ಬರಾವ್ರು ಯಾರದಾರ?" ಅಂದರು ಬಂದವರು.

"ನಾ ಅದೀನಿ ಅಂತ ಹೇಳ್ರಿ" ಅಂದು ಬಾಗಿಲು ಹಾಕಿಕೊಂಡೆ.