ತಾರಿನ ಕೈ, ರೊಟ್ಟಿಯ ಕೈ

ಹೋದ ತಿಂಗಳು ನಾನು ಎರಡನೇ ಮದುವೆ ಮಾಡಿಕೊಂಡೆ!

ಹೌದ್ರೀ. ನನಗೊಬ್ಬನಿಗೆ ಗೊತ್ತಿರಲಿಲ್ಲ, ಬಂಗೂರನಗರದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಶಾಲೆ ಬಿಟ್ಟು ಬರುತ್ತಿದ್ದ ನನ್ನನ್ನು ಪಕ್ಕದ ಮನೆಯ ಕಲ್ಲವ್ವ ಅಡ್ಡಗಟ್ಟಿದರು.

“ಮಾಸ್ತರ್ರ, ಯಾರನ್ನ ತಂದು ಇಟ್ಕೊಂಡೀರಿ ಮನ್ಯಾಗ?”

“ಯಾಕ್ರೀ?”

“ರೊಟ್ಟಿ ಬಡಿಯೋ ಸಪ್ಪಳಾ ಕೇಳಾಕತ್ತೇನಿ. ನಿಮ್ಮ ಹೆಂಡ್ತಿ ಕೈ ಅಲ್ಲ, ನಿಮ್ಮವ್ವನ ಕೈನೂ ಅಲ್ಲ, ನಿಮ್ಮ ಮಗಳು ಗಂಗಾನ ಕೈ ಅಂತೂ ಅಲ್ಲವೇ ಅಲ್ಲ. ಯಾವಾಕೀರಿ ಆಕಿ?”

ನಮ್ಮ ಕಡೆಯ ಹೆಂಗಸರ ಕಿವಿ ಅಂಥದು. ಗೋಡೆಯಾಚೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಬಡಿಯುವವರು ಯಾರು, ಸಿಟ್ಟಿನಲ್ಲಿದ್ದಾರೋ ಸಮಾಧಾನದಲ್ಲಿದ್ದಾರೋ, ಎಲ್ಲ ಹೇಳಿಬಿಡುತ್ತಾರೆ. (ಗಂಡಸರಾದ ನಮಗೆ ಅದು ತಿಳಿಯುವುದು ಊಟಕ್ಕೆ ಕೂತ ಮೇಲೆ.)

ಗಾಬರಿಯಿಂದ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಕೂತವಳು ನನ್ನ ಮಗಳು ಗಂಗಾನೇ! ತಾರಿನ, ಅಂದರೆ ಟೆಲಿಗ್ರಾಫಿನ, ಟ್ರೇನಿಂಗಿಗೆ ಹುಬ್ಬಳ್ಳಿಗೆ ಹೋದವಳು, ಕೊನೆಯ ಪರೀಕ್ಷೆಗೆ ಮೊದಲು ಮನೆಗೆ ಬಂದಿದ್ದಳು. ಹಿಟ್ಟಿನ ಮೇಲೆ ತಾರಿನ ಸಂಕೇತದ ಪ್ರಾಕ್ಟೀಸು ನಡೆದಿತ್ತು. ಚುಕ್ಕೆಗೆ ಥಟ್ಟನೆ ಒಂದು ಏಟು. ಗೀಟಿಗೆ ತುಸು ತಡೆದು ಎತ್ತುವ ಕೈ. ರೊಟ್ಟಿಯ ಅವಸ್ಥೆ ಕೇಳಬೇಡಿ.

ಕಲ್ಲವ್ವನ ಅನುಮಾನ ಹೇಳಿದೆ. ಗಂಗಾ ನಗಲಿಲ್ಲ, ಕಣ್ಣರಳಿಸಿದಳು. “ಅಪ್ಪಾ, ತಾರಿನವರೂ ಹಿಂಗ! ಆ ಕಡೆ ಯಾರ ಕುಂತಾರ ಅಂತ ಕೈ ಮ್ಯಾಲೆ ಗುರ್ತ ಹಿಡೀತಾರ.”

ಆಮೇಲೆ ಅವಳು ಹೇಳಿದ್ದು ಕೇಳಿ. ಮೊದಮೊದಲು ವಿಲಾಯತಿಯಲ್ಲಿ ಅಕ್ಷರಕ್ಕೊಂದು ತಂತಿ ಎಳೆಯಬೇಕೆಂದಿದ್ದರಂತೆ. ಅಷ್ಟು ತಂತಿ ಎಳೆದು ಪೂರೈಸುವುದುಂಟೆ? ಆಮೇಲೆ ಬಂದದ್ದು ಮುಳ್ಳಿನ ಯಂತ್ರ. ಮುಳ್ಳು ಅತ್ತ ಇತ್ತ ವಾಲಿ ಅಕ್ಷರ ತೋರಿಸುತ್ತಿತ್ತು. ಅಮೆರಿಕದವರ ಯಂತ್ರ ಕಾಗದದ ಪಟ್ಟಿಯ ಮೇಲೆ ಚುಕ್ಕೆ, ಗೀಟು ಮೂಡಿಸುತ್ತಿತ್ತು. ಹೆಚ್ಚು ಬಳಸುವ ಅಕ್ಷರಕ್ಕೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದದ್ದು. ಎಂಥ ಲೆಕ್ಕಾಚಾರ!

ಆದರೆ ಪಟ್ಟಿ ಓದಬೇಕಾದವರು ಅದನ್ನು ನೋಡುವುದನ್ನೇ ಬಿಟ್ಟರು. ಯಂತ್ರದ ಕಟಕಟ ಸದ್ದಿನಲ್ಲೇ ಅವರಿಗೆ ಅಕ್ಷರ ಸಿಗುತ್ತಿತ್ತು. ಮೇಲಿನವರು ಗದರಿಸಿದರು: ಕಿವಿಯನ್ನು ನಂಬುವುದು ಹೇಗೆ? ಕೊನೆಗೆ ಸೋತವರು ಗದರಿಸಿದವರೇ. ಪಟ್ಟಿ ಹೋಯಿತು, ಕಿವಿ ಉಳಿಯಿತು.

ಪಕ್ಕದ ಮನೆಯ ಕಲ್ಲವ್ವನನ್ನು ಕೇಳಿದ್ದರೆ ಆ ಮೇಲಿನವರಿಗೆ ಇಷ್ಟು ತ್ರಾಸವೇ ಇರಲಿಲ್ಲ, ಅಲ್ಲವೇ?

ನಾವಿಬ್ಬರೂ ಖುಷಿಯಲ್ಲಿರುವಾಗ ನನ್ನ ಅವ್ವ ಒಳಗೆ ಬಂದಳು. ತೇರಗಾಂವದ ಹೊಲಮನೆಯ ಗಟ್ಟಿಗಿತ್ತಿ. ಮೊಮ್ಮಗಳು ಕಲಿಯುತ್ತಿರುವುದು ಟೈಪಿಂಗ್ ಎಂದೇ ಅವಳು ನಂಬಿದ್ದಳು. (ನಂಬಿಸಿದವರು ಯಾರೆಂದು ಕೇಳಬೇಡಿ.)

“ತಾರಾ?” ಅಂದಳು. “ತಾರ ಅಂದ್ರ ಸಾವಿನ ಸುದ್ದಿ. ಮಂದಿ ಮನಿಗೆ ಅದು ನಮ್ಮ ಹುಡುಗಿ ಕೈಲೆ ಹೋಗಬೇಕೇನು? ಪರೀಕ್ಷಾ ಬ್ಯಾಡ, ಗಿರೀಕ್ಷಾ ಬ್ಯಾಡ. ಮನ್ಯಾಗಿರ್ಲಿ.”

ಅವ್ವ ಬೇಡವೆಂದರೆ ನಮ್ಮ ಮನೆಯಲ್ಲಿ ಮುಗಿಯಿತು. ನಾನು ಗೋಡೆ ನೋಡುತ್ತ ನಿಂತೆ. ಗಂಗಾ ಹಿಟ್ಟಿನ ಕೈ ಒರೆಸಿಕೊಂಡು ಅಜ್ಜಿಯ ಮುಂದೆ ಕೂತಳು.

“ಆಯಿ, ಸನವಳ್ಳಿಯೊಳಗ ನಿಮ್ಮಣ್ಣ ತೀರಿಕೊಂಡಾಗ ನಿನಗ ಸುದ್ದಿ ಯಾವಾಗ ಮುಟ್ಟಿತು?”

ಅವ್ವನ ಮುಖ ಸಣ್ಣದಾಯಿತು. “ಮಣ್ಣಾದ ಮ್ಯಾಲೆ.”

“ಅಣ್ಣನ ಮಾರಿ ನೋಡ್ಲಿಲ್ಲ ಅಂತ ಇನ್ನೂ ಅಳ್ತಿ. ಅವತ್ತ ಒಂದ ತಾರ ಬಂದಿದ್ರ?”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಗಾಳನ್ನು ಸರಿಸಿ, ತಾನೇ ರೊಟ್ಟಿ ಬಡಿಯಲು ಕೂತಳು. ಬೇಕಾದ್ದಕ್ಕಿಂತ ಬಹಳ ರೊಟ್ಟಿ. ಮರುದಿನ ಆ ಗಂಟು, ಶೇಂಗಾ ಚಟ್ನಿ ಸಮೇತ, ಗಂಗಾಳ ಜೊತೆ ಹುಬ್ಬಳ್ಳಿ ಬಸ್ಸು ಹತ್ತಿತು.

ಗಂಗಾ ಪಾಸಾದಳು, ತಾರಿನ ನೌಕರಿಯೂ ಸಿಕ್ಕಿತು. ನನಗೆ ಹೆಮ್ಮೆ, ಮುಚ್ಚಿಡುವುದೇನು? ಸಿಕ್ಕಸಿಕ್ಕವರಿಗೆ ಹೇಳಿ ನನ್ನ ಬಾಯಿ ನೋಯುತ್ತಿದೆ. ಮಗಳ ಮೇಲಿನಷ್ಟೇ ಹೆಮ್ಮೆ ನನ್ನ ಅವ್ವನ ಮೇಲೂ. ಆ ವಯಸ್ಸಿನಲ್ಲಿ ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಜನರಿಗೆ ಬರುತ್ತದೆ?

ಮೊನ್ನೆ ಭಾನುವಾರ ಹಳಿಯಾಳದಿಂದ ಹೆಣ್ಣು ನೋಡಲು ಬಂದರು. ಚುರುಮುರಿ ಸುಸಲ, ಚಹಾ ಎಲ್ಲ ಆಯಿತು. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು: “ಲಗ್ನಾ ಆದ ಮ್ಯಾಲೆ ತಾರಿನ ನೌಕರಿ ಬಿಡ್ತಾಳಲ್ರೀ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಶುರು ಮಾಡಿದಳು.

“ಬಿಡೂದಿಲ್ರೀ. ನಿಮ್ಮ ಹುಡುಗಗ ರೊಟ್ಟಿ ಬಡ್ಯಾಕ ಬರ್ತೈತೇನು?”