ನೀರು ಬೆರೆಸದ ಕಾರ್ಬಾಲಿಕ್

ಇಳಕಲ್ಲಿನ ನಮ್ಮ ಮನೆಯಲ್ಲಿ ನೇಯುವವನು ಅಣ್ಣ, ನೂಲಿಗೆ ಬಣ್ಣ ಹಾಕುವವಳು ಅವ್ವ, ಅಭಿಪ್ರಾಯ ಹೇಳುವವನು ನಾನು.

ಒಂದು ದಿನ ನೂಲು ಕೊಯ್ಯುವ ಚೂರಿ ಅಣ್ಣನ ತೋರುಬೆರಳನ್ನು ಸೀಳಿತು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಬೆರಳು ಅದು. ನಮ್ಮ ಮನೆತನದ ರೊಟ್ಟಿಯೆಲ್ಲ ಅದರ ತುದಿಯಲ್ಲಿ ಕುಳಿತಿತ್ತು.

ಎತ್ತಿನ ಗಾಡಿ ಕಟ್ಟಿ ಹುನಗುಂದದ ದವಾಖಾನೆಗೆ ಹೋದೆವು. ಡಾಕ್ಟರು ಗಾಯ ತೊಳೆದು, ಕಾರ್ಬಾಲಿಕ್ ಎಂಬ ಇಂಗ್ರೇಜಿ ಔಷಧದ ಸೀಸೆ ಕೊಟ್ಟರು. ಬಿರಡೆ ತೆಗೆದರೆ ಡಾಂಬರಿನ ನಾತ.

"ಕುದಿಸಿ ಆರಿಸಿದ ನೀರು ತಂಬಿಗಿ ತುಂಬ ತಗೊಂಡು, ಅದರಾಗ ಇದನ್ನ ಒಂದ ಚಮಚ ಹಾಕಿ ತೊಳೀರಿ. ನೀರಿಲ್ಲದ ಬರೇ ಔಷಧ ಹಚ್ಚಬ್ಯಾಡ್ರಿ ಮತ್ತ."

ಮನೆಗೆ ಬಂದು ಅವ್ವ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ನೀರು ಹೆಚ್ಚಾದ್ರ ಬಣ್ಣ ನೂಲು ಹಿಡೀತೈತೇನು? ಔಷಧ ಉಳಿಸಾಕ ಹಂಗ ಹೇಳ್ತಾರ."

"ಡಾಕ್ಟರು ಬ್ಯಾರೆ ಹೇಳ್ಯಾರಲ್ಲವ್ವ," ಎಂದೆ.

"ಅವರು ಎಂದಾರ ಒಂದ ಎಳಿಗೆ ಬಣ್ಣ ಹಾಕ್ಯಾರೇನು? ಸುಮ್ಮನ ಕೂಡ್ರಲೇ."

ಕೂತೆ. ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ನೂಲು ನೆನೆಹಾಕುವ ಶಾಸ್ತ್ರೋಕ್ತ ಕ್ರಮದಲ್ಲೇ ಅರಿವೆಯನ್ನು ಬರೀ ಔಷಧದಲ್ಲಿ ತೋಯಿಸಿ ಬೆರಳಿಗೆ ಬಿಗಿಯಾಗಿ ಸುತ್ತಲಾಯಿತು. ಅಣ್ಣ ಮೊದಲು ಉರಿಗೆ ಹೌಹಾರಿದ. ಆಮೇಲೆ ನಕ್ಕ.

"ಅಬಾಬಾ! ನೋವೆಲ್ಲಾ ಹೋತು ಬಿಡವ್ವ. ಬೆರಳು ಐತೋ ಇಲ್ಲೋ ಅನ್ನೂದ ಗೊತ್ತಾಗವಲ್ದು!"

ಓಣಿಯವರು ಬಂದು ಆ ಪವಾಡದ ದರ್ಶನ ಮಾಡಿಕೊಂಡು ಹೋದರು. ಅವ್ವ ಹೊತ್ತುಹೊತ್ತಿಗೆ ಅರಿವೆಯನ್ನು ಮತ್ತೆ ಮತ್ತೆ ತೋಯಿಸಿದಳು.

ಬಿಚ್ಚಿದಾಗ ಬೆರಳು ಸುಣ್ಣದಂತೆ ಬಿಳುಚಿತ್ತು. ಬರಬರುತ್ತ ಕಪ್ಪಾಯಿತು. ಸೂಜಿ ಚುಚ್ಚಿದೆ, ಅಣ್ಣ ಸೂಜಿಯನ್ನೇ ನೋಡುತ್ತಿದ್ದ, ಕೈ ಹಿಂದೆಗೆಯಲಿಲ್ಲ. ಯಾರೂ ನಗಲಿಲ್ಲ. ಮತ್ತೆ ಗಾಡಿ ಕಟ್ಟಿದೆವು.

ಡಾಕ್ಟರು ಬೆರಳನ್ನು ಮೂಸಿ ನೋಡಿ ಕೇಳಿದರು: "ನೀರು ಬೆರಸಲಾರದ ಸುತ್ತಿದ್ರೇನ್ರಿ?"

ಅವ್ವ ಅರ್ಧ ಉಳಿದಿದ್ದ ಸೀಸೆಯನ್ನು ಸೆರಗಿನಿಂದ ತೆಗೆದು ಅವರ ಮುಂದಿಟ್ಟಳು.

"ಹೋಗಿದ್ದು ನೋವಲ್ರಿ, ಬೆರಳಿನ ಜೀವ. ಇನ್ನ ತಗೀಬೇಕು, ಬ್ಯಾರೆ ದಾರಿ ಇಲ್ಲ."

ಅವ್ವ ಅವರ ಮೇಜು ಹಿಡಿದು ನಿಂತಳು. "ಈಗ ನೀರು ಹಾಕ್ತೀನ್ರಿ ಸಾಹೇಬ್ರ. ಎಷ್ಟ ಹೇಳ್ತೀರಿ ಅಷ್ಟ ಹಾಕ್ತೀನಿ."

ಅವರು ಒಲೆಯ ಮೇಲೆ ನೀರಿಡಿಸಿದರು. ಅದು ಕತ್ತರಿಸುವ ಹತಾರುಗಳನ್ನು ಕುದಿಸಲು. ಅವ್ವ ಮಾತ್ರ ಔಷಧಕ್ಕೇ ಎಂದು ತಿಳಿದು, ಕಣ್ಣೊರೆಸಿಕೊಂಡು, ನೀರು ಕುದಿಯುವುದನ್ನೇ ಕಾಯುತ್ತ ಒಲೆಯ ಬಳಿ ಕುಳಿತಳು. ಹೇಳುವ ಧೈರ್ಯ ಅಣ್ಣನಿಗೂ ಬರಲಿಲ್ಲ, ನನಗೂ ಬರಲಿಲ್ಲ.