ಚೀನಾದ ಎಳನೀರು

ನಾನು ಚೀನಾಕ್ಕೆ ಹೋಗಿಬಂದವನು ಎಂದು ನಂಬಿದ್ದ ಏಳೆಂಟು ಜನ ಭದ್ರಾವತಿಯಲ್ಲಿದ್ದರು. ನನ್ನನ್ನು ಬಲ್ಲವರಿಗೆ ಇದು ನಗು ತರಿಸುವ ಮಾತು. ಶಿವಮೊಗ್ಗದ ಹೊಸಮನೆಯಲ್ಲಿ ಹುಟ್ಟಿ, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಪಕ್ಕದ ಹೊಳೆಹೊನ್ನೂರಿಗೆ ಮದುವೆಗೆ ಹೊರಟರೂ ಎರಡು ಜೊತೆ ಬಟ್ಟೆ, ತಲೆನೋವಿನ ಮುಲಾಮು, ಒಂದು ಬಾಟಲಿ ಕಾಯಿಸಿದ ನೀರು ಕಟ್ಟಿಕೊಳ್ಳುವ ಜಾತಿ. ಪಾಸ್‌ಪೋರ್ಟನ್ನು ನೋಡಿದ್ದು ಬೇರೆಯವರ ಕೈಯಲ್ಲಿ. ಆದರೂ ಆ ಏಳೆಂಟು ಜನ ನಂಬಿದ್ದರು, ಯಾಕೆಂದರೆ ಪೇಪರಿನಲ್ಲಿ ಹಾಗೆ ಬಂದಿತ್ತು. ಬರೆದವನು ನಾನೇ.

ನಮ್ಮದು ನಾಲ್ಕು ಪುಟದ ದಿನಪತ್ರಿಕೆ. ಮದುವೆ, ಮರಣ, ಅಡಿಕೆ ಧಾರಣೆ ಇಷ್ಟು ಇದ್ದರೆ ಮೂರು ಪುಟ ತುಂಬುತ್ತದೆ. ಉಳಿದದ್ದರಲ್ಲಿ ವಾರಕ್ಕೊಮ್ಮೆ ನನ್ನ ಅಂಕಣ, ‘ಕೇಳೋರ್ಯಾರು?’ ಮೋರಿ, ಬೀದಿದೀಪ, ಬಾರದ ಬಸ್ಸು, ಬಂದೂ ನಿಲ್ಲದ ಬಸ್ಸು ಇವೇ ಅದರ ವಸ್ತು. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಹಳೆಯ ಕ್ವಾರ್ಟರ್ಸ್ ಹತ್ತಿರದ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆ. ಜನ ಬಂದು ದೂರು ಹೇಳುವರು, ನಾನು ಬರೆದುಕೊಳ್ಳುವೆ. ಅದಕ್ಕೊಂದು ನಿಯಮ ಇಟ್ಟುಕೊಂಡಿದ್ದೆ: ಬರೆದದ್ದನ್ನು ಹೇಳಿದವರಿಗೇ ಓದಿ ಹೇಳಬೇಕು, ಅವರು ಹೂಂ ಎಂದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದ ಮೇಲೇ ಅದು ಅಚ್ಚಿಗೆ ಹೋಗಬೇಕು. ಈ ಒಂದು ನಿಯಮದ ಮೇಲೆ ನನಗೆ ಎಷ್ಟು ಜಂಬವಿತ್ತೆಂದರೆ, ಹೆಂಡತಿ ಗಿರಿಜಾ ನನ್ನನ್ನು ‘ಸತ್ಯಹರಿಶ್ಚಂದ್ರರ ಭಾವಮೈದ’ ಎಂದು ಕರೆಯುತ್ತಿದ್ದಳು.

ಆ ಬೆಂಚಿನಲ್ಲಿ ಓದಿಸಿಕೊಳ್ಳಲು ಒಪ್ಪದವನು ಒಬ್ಬನೇ, ಆರ್ಮುಗಂ. ಮೂವತ್ತು ವರ್ಷಕ್ಕೂ ಮೇಲೆ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ನಿಂತು ನಿವೃತ್ತನಾದವನು. ಬೆಂಕಿ ನೋಡಿ ನೋಡಿ ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. “ಓದೋದ್ಯಾಕೆ ಸಾರ್, ನೀವ್ ಬರ್ದಿದ್ದಲ್ವಾ? ಸರಿಯಾಗೇ ಇರ್ತದೆ” ಎಂದು ಪೆನ್ನು ಕಿತ್ತುಕೊಂಡು ಸಹಿ ಗೀಚಿಬಿಡುವನು. ಆತನ ದೂರು ಒಂದೇ. ಅವರ ಸಾಲಿನ ನಲ್ಲಿಯಲ್ಲಿ ಕೆಂಪು ನೀರು ಬರುತ್ತದೆ. “ಕಬ್ಬಿಣ ಮಾಡಿದೋರಿಗೆ ಕುಡಿಯಕ್ಕೂ ಕಬ್ಬಿಣಾನೇ ಕೊಡ್ತಾವ್ರೆ” ಎನ್ನುವನು. ಮೊಮ್ಮಗಳ ಯೂನಿಫಾರ್ಮು ಒಗೆದರೆ ಬಿಳಿ ಶರಟು ಕಾವಿ ಬಟ್ಟೆಯಾಗುತ್ತದೆ, ಶಾಲೆಯಲ್ಲಿ ಮಕ್ಕಳು ಅವಳನ್ನು ‘ಸ್ವಾಮೀಜಿ’ ಎಂದು ಕಾಡುತ್ತಾರೆ. ಅದನ್ನು ಹೇಳುವಾಗ ಮಾತ್ರ ಆತ ನಗುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಯಜಮಾನರು, ಎಂದರೆ ಪತ್ರಿಕೆಯ ಮಾಲೀಕರೂ ಸಂಪಾದಕರೂ ಎರಡೂ ಆದವರು, ಪತ್ರಕರ್ತರ ಸೌಹಾರ್ದ ಪ್ರವಾಸ ಎಂದು ಹತ್ತು ದಿನ ಚೀನಾಕ್ಕೆ ಹೋಗಿಬಂದರು. ಖರ್ಚೆಲ್ಲ ಕರೆದವರದೇ. ಬರುವಾಗ ಒಂದು ಫ್ಲಾಸ್ಕ್ ತಂದರು. ಕಡುನೀಲಿ ಬಣ್ಣ, ಮೈಮೇಲೆ ಕೊಕ್ಕರೆ ಚಿತ್ರ. ಬೆಳಿಗ್ಗೆ ಹಾಕಿದ ಕಾಫಿ ಸಂಜೆಗೂ ನಾಲಿಗೆ ಸುಡುತ್ತಿತ್ತು. ಫ್ಲಾಸ್ಕಿನ ಹಿಂದೆಯೇ ಈ-ಮೇಲಿನಲ್ಲಿ ವಾರಕ್ಕೊಂದು ಪುಟ ಬರತೊಡಗಿತು. ವೇಗದ ರೈಲು, ಮುದ್ದು ಕರಡಿ, ನಗುವ ರೈತ, ಹೊಳೆಯುವ ಸೇತುವೆ. ಇಂಗ್ಲಿಷಿನಲ್ಲಿ ಬರಹ, ಜೊತೆಗೆ ಕಣ್ಣು ಕುಕ್ಕುವ ಫೋಟೋ, ಎಲ್ಲ ಉಚಿತ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವರು ನಾವು. ಯಜಮಾನರು ಪುಟವನ್ನು ನನ್ನ ಮುಂದೆ ಹಾಕಿ, “ಕನ್ನಡ ಮಾಡ್ರಿ. ಕೆಳಗೆ ನಿಮ್ಮ ಹೆಸರು ಹಾಕ್ಕೊಳ್ರಿ, ಜನ ನಂಬ್ತಾರೆ” ಅಂದರು. ಜಾಗ ಬೇಕಲ್ಲ, ‘ಕೇಳೋರ್ಯಾರು?’ ಅಂಕಣಕ್ಕೆ ‘ಸ್ವಲ್ಪ ದಿನ’ ವಿರಾಮ. ಆರ್ಮುಗಂನ ಕೆಂಪು ನೀರು ನನ್ನ ಜೇಬಿನಲ್ಲೇ ಉಳಿಯಿತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತೇವೆ. ಬಲ್ಲವರನ್ನು ಕೇಳಿದರೆ, ಆ ಬಡಪಾಯಿ ಕಾಯಿಗೂ ಚೀನಾಕ್ಕೂ ಸಂಬಂಧವೇ ಇಲ್ಲವಂತೆ, ಅದರ ತವರೇ ಬೇರೆ ಖಂಡವಂತೆ. ಹಳೆಯ ಕವಿಗಳ ರಾಜಕುಮಾರಿಯರು ಉಟ್ಟ ರೇಷ್ಮೆ, ಚೀನಾಂಶುಕವಾದರೋ ತಾನು ಬಂದ ದೇಶದ ಹೆಸರನ್ನು ಹೇಳಿಕೊಂಡೇ ಬಂತು. ಗಾಂಧಿ ಬಜಾರಿನಲ್ಲಿ ಕೊಂಡ ಪ್ಲಾಸ್ಟಿಕ್ ಗೊಂಬೆಯನ್ನು ಬೋರಲು ಹಾಕಿ ನೋಡಿ, ಎಲ್ಲಿ ತಯಾರಾಯಿತೆಂದು ಅಂಡಿನ ಮೇಲೆ ಬರೆದಿರುತ್ತದೆ. ಗೊಂಬೆಗಿರುವ ಈ ಮರ್ಯಾದೆ ನಮ್ಮ ಪುಟಕ್ಕಿರಲಿಲ್ಲ. ಕಳಿಸುವವರು ಯಾರೆಂದು ಒಂದು ದಿನ ಮೊಬೈಲಿನಲ್ಲಿ ಹುಡುಕಿದೆ. ದೆಹಲಿಯದೊಂದು ಕಂಪನಿ, ಅದರ ಹಿಂದೆ ಚೀನಾದ್ದೊಂದು ಸುದ್ದಿಸಂಸ್ಥೆ, ಅದರ ಹಿಂದೆ ಅಲ್ಲಿಯ ಸರ್ಕಾರ. ನೋಡಿ, ಮೊಬೈಲು ಜೇಬಿಗೆ ಹಾಕಿ, ಅನುವಾದ ಮುಂದುವರಿಸಿದೆ. ಚೀನಾದ್ದಲ್ಲದ ಕಾಯಿಗೆ ಚೀನಾದ ಹೆಸರು, ಚೀನಾದ್ದೇ ಆದ ಸುದ್ದಿಗೆ ಹೊಸಮನೆಯವನ ಹೆಸರು.

ಹೀಗೆ ಬರೆಯಿರಿ, ಹಾಗೆ ಬರೆಯಬೇಡಿ ಎಂದು ನಮಗೆ ಯಾರೂ ಫೋನು ಮಾಡಲಿಲ್ಲ. ಅದೇ ನಾಚಿಕೆಗೇಡು. ಗಡಿಯಲ್ಲಿ ಗಲಾಟೆಯಾದ ಸುದ್ದಿ ಬಂದ ದಿನ ಯಜಮಾನರು ಮೇಜಿನ ಮೇಲಿದ್ದ ಫ್ಲಾಸ್ಕನ್ನು ಒಮ್ಮೆ ನೋಡಿ, “ಒಳಪುಟಕ್ಕೆ ಹಾಕ್ರಿ, ಸಣ್ಣದಾಗಿ” ಅಂದರು. ಮನೆಗೆ ಬಂದು ಹೇಳಿದಾಗ ಗಿರಿಜಾ, “ಅಲ್ರೀ, ಒಂದು ಫ್ಲಾಸ್ಕಿಗೆ ಹೆದರೋ ಪೇಪರು ಮೋರಿ ವಿಷಯ ಬರೆದು ಯಾರನ್ನ ಹೆದರಿಸುತ್ತೆ?” ಎಂದಳು. ನಾನು ಊಟ ಉಪ್ಪಾಗಿದೆ ಎಂದೆ. ಉಪ್ಪಾಗಿರಲಿಲ್ಲ.

ಒಂದು ವಾರ ಬಂದ ಬರಹ ಚೀನಾದ ಒಂದು ಉಕ್ಕಿನ ಊರಿನದು. ಉತ್ತರದ ಕಡೆಯ ಊರು, ಆರು ತಿಂಗಳು ಹಿಮ. ಹಳೆಯ ಕಾರ್ಖಾನೆ ಮುಚ್ಚಿ ಉದ್ಯಾನ ಮಾಡಿದ್ದಾರೆ, ನಿವೃತ್ತರ ಬೀದಿಗೆ ಹೊಸ ಕೊಳವೆ ಹಾಕಿದ್ದಾರೆ. ಕುಲುಮೆಯಲ್ಲಿ ದುಡಿದ ಮುದುಕನೊಬ್ಬ ‘ನೀರು ಈಗ ಬಹಳ ಶುದ್ಧವಾಗಿದೆ’ ಎಂದು ಹೇಳಿದ್ದ. ಇಂಗ್ಲಿಷಿನಲ್ಲಿ ಆ ಮಾತು ಒಣಕಲಾಗಿತ್ತು. ನನಗೆ ಕಲೆಗಾರಿಕೆಯ ಹುರುಪು ಬಂತು. ಆ ಮುದುಕನ ಬಾಯಿಗೆ ಭದ್ರಾವತಿಯ ಬೆಂಚಿನ ಮಾತು ತುಂಬಿದೆ: “ನಲ್ಲಿ ತಿರುಗಿಸಿದ್ರೆ ಎಳನೀರು ಬಂದಂಗೆ ಬರುತ್ತೆ ಕಣಣ್ಣ!” ಓದಿಕೊಂಡು ನನಗೇ ಖುಷಿಯಾಯಿತು. ಆ ಮುದುಕನಿಗೆ ಓದಿ ಹೇಳಿ ಹೂಂ ಅನ್ನಿಸಿಕೊಳ್ಳಬೇಕಲ್ಲ ಎಂಬ ನನ್ನ ಮಹಾ ನಿಯಮ ನೆನಪಿಗೇ ಬರಲಿಲ್ಲ. ಅಂಥ ಮುದುಕ ಇದ್ದನೋ ಇಲ್ಲವೋ, ಅದನ್ನೂ ಯೋಚಿಸಲಿಲ್ಲ.

ಮುಂದಿನ ಗುರುವಾರ ಟೀ ಅಂಗಡಿಯಲ್ಲಿ ನನಗೆ ರಾಜೋಪಚಾರ. “ಏನ್ ಸಾರ್, ಒಂದ್ ಮಾತೂ ಹೇಳ್ದಂಗೆ ಚೈನಾಕ್ ಹೋಗ್ಬಂದ್ರಲ್ಲ!” ಎಂದು ಆರ್ಮುಗಂ ಎದ್ದು ನಿಂತು ಜಾಗ ಕೊಟ್ಟ. ಇಲ್ಲ ಮಾರಾಯ, ಎಲ್ಲಿಂದಲೋ ಬಂದದ್ದನ್ನು ಕನ್ನಡ ಮಾಡಿದೆ ಅಷ್ಟೇ ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಟೀಗೆ ಏಲಕ್ಕಿ ಬೇರೆ ಬಿದ್ದಿತ್ತು. “ಹೂಂ, ಹಿಂಗೇ ಸ್ವಲ್ಪ...” ಎಂದೆ. ಆ ‘ಹಿಂಗೇ ಸ್ವಲ್ಪ’ ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗಿದೆ ಎನ್ನಬಹುದಿತ್ತು, ಆದರೆ ಲಿಂಗಾಯತನಾದ ನಾನು ಮೀನನ್ನೇ ತಿಂದವನಲ್ಲ. ಇನ್ನೊಬ್ಬರ ಅನುಭವ ಕದಿಯುವ ಚಾಳಿ ನೋಡಿ, ಇಲ್ಲೂ ಬಂತು.

ಆರ್ಮುಗಂ ಸುಮ್ಮನೆ ಕೂರುವವನಲ್ಲ. ಬೀದಿಯವರಿಂದೆಲ್ಲ ಸಹಿ ಹಾಕಿಸಿ ನೀರಿಗಾಗಿ ಒಂದು ಅರ್ಜಿ ಬರೆಸಿದ. ಅದಕ್ಕೆ ನನ್ನ ಪುಟ ಕತ್ತರಿಸಿ ಅಂಟಿಸಿದ. ಚೀನಾದಲ್ಲಿ ಕುಲುಮೆಯವರಿಗೆ ಒಳ್ಳೆ ನೀರು ಕೊಟ್ಟಿದ್ದಾರೆ, ನಮ್ಮ ಪೇಪರಿನ ಸಾರ್ ಕಣ್ಣಾರೆ ನೋಡಿದ್ದಾರೆ, ನಮಗೂ ಕೊಡಿ. ಇದು ಅರ್ಜಿಯ ಸಾರಾಂಶ. ಒಂದು ಬಾಟಲಿ ಕೆಂಪು ನೀರು, ಮೊಮ್ಮಗಳ ಶರಟು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ನೀರು ಸರಬರಾಜಿನ ಕಚೇರಿಗೆ ಹೋದ.

ಅಲ್ಲಿದ್ದ ಸಾಹೇಬರು ಓದುವ ಅಭ್ಯಾಸವಿದ್ದವರು. ಪುಟವನ್ನು ಪೂರ್ತಿ ಓದಿ ನಗತೊಡಗಿದರಂತೆ. “ಹಿಮ ಬೀಳೋ ಊರಲ್ಲಿ ತೆಂಗಿನಮರ ಎಲ್ಲೈತಯ್ಯಾ? ಚೀನಾದ ಮುದುಕ ಎಳನೀರು, ಕಣಣ್ಣ ಅಂತಾನಾ? ಯಾರೋ ಕೂತ್ಕೊಂಡು ಕತೆ ಕಟ್ಟವ್ರೆ. ನಿಮ್ಮ ಕೆಂಪು ನೀರೂ ಇಂಥದ್ದೇ ಕತೆ ಇರ್ಬೇಕು” ಎಂದು ಅರ್ಜಿಯನ್ನು ಮೇಜಿನ ಈಚೆಗೆ ತಳ್ಳಿದರಂತೆ. ಬಾಟಲಿಯನ್ನು ಚೀಲದಿಂದ ತೆಗೆಯಲೂ ಬಿಡಲಿಲ್ಲವಂತೆ. ಆರ್ಮುಗಂ ಮಾತ್ರ ಬಾಗಿಲಲ್ಲಿ ನಿಂತು, “ನಮ್ ಸಾರ್ ಸುಳ್ ಬರೆಯೋರಲ್ಲ” ಎಂದು ಜೋರಾಗಿ ಹೇಳಿ ಬಂದನಂತೆ. ಇದನ್ನೆಲ್ಲ ನನಗೆ ಹೇಳಿದವನು ಟೀ ಅಂಗಡಿಯವನು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಯಜಮಾನರ ಹತ್ತಿರ ಕೂಗಾಡಿದೆ. ನನ್ನ ಹೆಸರು ತೆಗೆಯಿರಿ, ಅಂಕಣ ವಾಪಸು ಕೊಡಿ, ಇಲ್ಲದಿದ್ದರೆ ಅನುವಾದ ಮಾಡುವುದಿಲ್ಲ ಎಂದೆ. ಅವರು ಬೇಸರ ಮಾಡಿಕೊಳ್ಳದೆ ಫ್ಲಾಸ್ಕಿನಿಂದ ಒಂದು ಲೋಟ ಬಿಸಿ ಕಾಫಿ ಬಗ್ಗಿಸಿ ಕೊಟ್ಟರು. ಅಂಕಣಕ್ಕೆ ಮೂಲೆಯಲ್ಲಿ ಅಂಗೈಯಗಲ ಜಾಗ ಸಿಕ್ಕಿತು. ಚೀನಾದ ಪುಟವನ್ನು ಈಗ ಕಂಪ್ಯೂಟರೇ ಕನ್ನಡ ಮಾಡುತ್ತದೆ. ಅದು ಎಳನೀರಿನಂಥ ತಪ್ಪು ಮಾಡುವುದಿಲ್ಲ, ಆದ್ದರಿಂದ ಸಿಕ್ಕಿಬೀಳುವುದೂ ಇಲ್ಲ. ಪೇಪರುಗಳನ್ನು ಯಾರು ಯಾರೋ ಕೊಂಡುಕೊಳ್ಳುತ್ತಿದ್ದಾರೆ ಎಂದು ಟೀವಿಯಲ್ಲಿ ಕಿರುಚುತ್ತಾರೆ. ನಮ್ಮನ್ನು ಯಾರೂ ಕೊಳ್ಳಲಿಲ್ಲ ಸ್ವಾಮಿ, ನಾವು ಪುಕ್ಕಟೆ ಹೋದೆವು.

ಎರಡು ಗುರುವಾರ ತಲೆತಪ್ಪಿಸಿಕೊಂಡು ಮೂರನೆಯದಕ್ಕೆ ಭದ್ರಾವತಿಗೆ ಹೋದೆ. ಆರ್ಮುಗಂ ಬೆಂಚಿನ ತುದಿಯಲ್ಲಿ ಕೂತಿದ್ದ. ಕಾಲ ಬುಡದಲ್ಲಿ ಅದೇ ಚೀಲ.

“ನೀವ್ ಚೈನಾಕ್ ಹೋಗಿದ್ರಾ ಸಾರ್?” ಎಂದ.

“ಇಲ್ಲ ಆರ್ಮುಗಂ. ಅವರು ಕಳಿಸಿದ್ದನ್ನ ನನ್ನ ಹೆಸರಲ್ಲಿ ಹಾಕ್ಕೊಂಡೆ. ಎಳನೀರು ನಾನೇ ಸೇರಿಸಿದ್ದು.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚೀಲವನ್ನು ಬೆಂಚಿನ ಮೇಲೆತ್ತಿಟ್ಟು, “ಬರ್ಕೊಳ್ಳಿ” ಎಂದ. ಕೆಂಪು ನೀರು, ಬೀದಿಯ ಹೆಸರು, ಮೊಮ್ಮಗಳ ಶರಟು, ಎಲ್ಲ ಮೊದಲಿಂದ ಹೇಳಿದ. ನಾನು ಒಂದು ಅಕ್ಷರವನ್ನೂ ಚಂದ ಮಾಡದೆ ಬರೆದುಕೊಂಡೆ. ಮುಗಿದ ಮೇಲೆ ಎಂದಿನಂತೆ ಪೆನ್ನು ಅವನ ಕಡೆ ಚಾಚಿದೆ.

ಆರ್ಮುಗಂ ಪೆನ್ನು ಮುಟ್ಟಲಿಲ್ಲ.

“ಓದಿ ಸಾರ್” ಎಂದ.

ಓದಿದೆ.

“ಇನ್ನೊಂದ್ ಸಲ ಓದಿ” ಎಂದ.